ಹಗೇವಿನೊಳಗಿನ ಬೆಳಕು

ರೋಹಿಣಿಗೆ ಹಾವಿನ ಭಯವಿರಲಿಲ್ಲ, ಸಿಡಿಲಿನ ಭಯವಿರಲಿಲ್ಲ, ಡೀನ್ ಶಂಭುಲಿಂಗಪ್ಪನವರ ಭಯವಂತೂ ಮೊದಲೇ ಇರಲಿಲ್ಲ. ಅವಳು ಅಂಜುತ್ತಿದ್ದುದು ಒಂದೇ ಒಂದಕ್ಕೆ, ಹಗೇವಿಗೆ. ಮೊರಬದ ಅವಳ ತವರುಮನೆಯ ಮುಂದೆ ನೆಲದಡಿ ಒಂದು ಹಗೇವು ಇತ್ತು. ಜೋಳ ತುಂಬಿಡಲು ಹಿಂದಿನವರು ತೋಡಿದ್ದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಮಾತ್ರ ಕೋಣೆಯಷ್ಟು ದೊಡ್ಡದು. ಅವಳ ಅಜ್ಜ ಒಂದು ಸಲ ಕಾಳು ತೆಗೆಯಲು ಅದರೊಳಗೆ ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಿಕೊಂಡು ಬರುತ್ತೇನೆಂದು ಧುಮುಕಿದ ಅವನ ತಮ್ಮನೂ ಬರಲಿಲ್ಲ. ಅಜ್ಜಿ ಶಿವಗಂಗವ್ವ ಬಾಯಿಯ ಹತ್ತಿರ ನಿಂತು ಇಬ್ಬರನ್ನೂ ನೋಡಿದ್ದಳಂತೆ. ಆಮೇಲೆ ಆ ಹಗೇವನ್ನು ಮುಚ್ಚಿಸಿದರು. ಆದರೂ ಅಜ್ಜಿ ಬದುಕಿರುವತನಕ ಆ ಜಾಗದ ಮೇಲೆ ಕಾಲಿಡಲಿಲ್ಲ, ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದಳು. ಮನೆಯಲ್ಲಿ ಈ ವಿಷಯ ಎತ್ತಿದವರಿಗೆ ಬೈಗುಳವೇ ಗತಿ. ಮಕ್ಕಳಿಗೆ ಹೇಳಿಕೊಟ್ಟದ್ದು ಇಷ್ಟೇ. ಹಗೇವಿಗೆ ಮೊದಲು ದೀಪ ಇಳಿಸಬೇಕು, ದೀಪ ಆರಿದರೆ ಮನುಷ್ಯ ಇಳಿಯಬಾರದು.

ಈಗ ಅವಳು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ವಿಭಾಗದ ಸಹಾಯಕ ಪ್ರಾಧ್ಯಾಪಕಿ. ನವಲಗುಂದದ ಕಡೆಯ ಎರಿಹೊಲಗಳ, ಅಂದರೆ ಅಂಟುವ ಕಪ್ಪು ಮಣ್ಣಿನ ಹೊಲಗಳ ನಡುವೆ, ಯಾವ ಕಾಲದಲ್ಲೋ ಜನ ಬಿಟ್ಟುಹೋದ ಒಂದು ಹಾಳೂರಿನ ದಿಬ್ಬದ ಮೇಲೆ ಈ ವಿಶ್ವವಿದ್ಯಾಲಯ ಎದ್ದಿತ್ತು. ವಿಭಾಗಕ್ಕೊಂದು ಕಟ್ಟಡ. ಸಿವಿಲ್‌ನವರದು ಒಂದು ಮೂಲೆಗೆ, ಮೆಕ್ಯಾನಿಕಲ್‌ನವರ ವರ್ಕ್‌ಶಾಪ್ ಇನ್ನೊಂದು ಮೂಲೆಗೆ, ನಡುವೆ ಇಷ್ಟುದ್ದ ಬಯಲು. ನಕ್ಷೆ ಬರೆದ ಪುಣ್ಯಾತ್ಮ ಈ ಮಣ್ಣಿನಲ್ಲಿ ಮಳೆಗಾಲದ ದಿನ ನಡೆದವನಲ್ಲ. ಒಂದು ಮಳೆ ಬಿದ್ದರೆ ಸಾಕು, ಎಲೆಕ್ಟ್ರಿಕಲ್ ವಿಭಾಗದಿಂದ ಗ್ರಂಥಾಲಯಕ್ಕೆ ಹೋಗುವಷ್ಟರಲ್ಲಿ ಒಂದೊಂದು ಚಪ್ಪಲಿಗೂ ಸೇರುಗಟ್ಟಲೆ ಮಣ್ಣು ಮೆತ್ತಿರುತ್ತಿತ್ತು. ಈಜುಕೊಳ ಇತ್ತು, ನೀರಿರಲಿಲ್ಲ. ಆರೋಗ್ಯ ಕೇಂದ್ರ ಇತ್ತು, ಅದು ಹೆಬ್ಬಾಗಿಲ ಬಾಜು, ಅಂದರೆ ಜ್ವರ ಬಂದವನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಜ್ವರ ಬಿಟ್ಟಿರಬೇಕು.

ಗ್ರಂಥಾಲಯದ ಮುಂದೆ ಹುಲ್ಲುಹಾಸು ಮಾಡಲು ಅಗೆಯುವಾಗ ಜೆಸಿಬಿಗೆ ಒಂದು ಚಪ್ಪಡಿ ಸಿಕ್ಕಿತು. ಚಪ್ಪಡಿ ಸರಿಸಿದರೆ ಕೆಳಗೆ ಹಗೇವು. ನೋಡಲು ಇಡೀ ಕ್ಯಾಂಪಸ್ಸು ಓಡಿ ಬಂತು. ರೋಹಿಣಿ ಮಾತ್ರ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೂತಳು.

ಡೀನ್ ಶಂಭುಲಿಂಗಪ್ಪನವರಿಗೆ ನಿಧಿ ಸಿಕ್ಕಷ್ಟು ಖುಷಿಯಾಗಿತ್ತು. ಮಾನ್ಯತೆ ಕೊಡುವ ಸಮಿತಿ ಆ ತಿಂಗಳೇ ಬರುವುದಿತ್ತು. ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಕಂಪ್ಯೂಟರು ಇರುತ್ತವೆ, ಹಗೇವು ಯಾರಲ್ಲಿದೆ ಎಂಬುದು ಅವರ ವಾದ.

"ನಮ್ಮ ಹಿರೇರ ತಂತ್ರಜ್ಞಾನ ತೋರಿಸೂಣು ರೋಹಿಣಿ ಮೇಡಂ," ಅಂದರು. "ಸಮಿತಿಯವ್ರು ಬಂದು ನಿಂತಿರಬೇಕು, ನಮ್ಮ ಹುಡುಗ ಒಬ್ಬಾಂವ ಕೆಳಗ ಇಳದು ಕಾಳು ತುಂಬಿ ಮ್ಯಾಲ ಕಳಸಬೇಕು. ಅಗದಿ ಛಲೋ ಕಾಣಸ್ತೈತಿ."

"ಬ್ಯಾಡ್ರಿ ಸರ್. ಮ್ಯಾಲಿಂದನ ತೋರಿಸೂಣು. ಒಳಗ ಯಾರನ್ನೂ ಇಳಸೂದು ಬ್ಯಾಡ."

"ಯಾಕ್ರಿ? ಏನೈತಿ ಅದರಾಗ?"

ಏನಿದೆ ಎಂದು ಅವಳು ಹೇಳಬೇಕಾಗಿತ್ತು. ವರ್ಷಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಹುಲ್ಲು, ಕಾಳು ಕೊಳೆತು ಒಳಗಿನ ಪ್ರಾಣವಾಯು ತೀರಿರುತ್ತದೆ, ಇಳಿದವನು ಕೂಗಲೂ ಪುರಸೊತ್ತಿಲ್ಲದೆ ಬೀಳುತ್ತಾನೆ ಎಂದು ಹೇಳಬಹುದಿತ್ತು. ಅವಳಿಗೆ ಗೊತ್ತಿರದ ವಿಷಯವಲ್ಲ ಅದು, ಪಾಠ ಮಾಡುವ ಹೆಣ್ಣುಮಗಳು. ಆದರೆ ಹಗೇವಿನ ಮಾತು ಬಂದಾಗ ಅವಳ ಓದೆಲ್ಲ ಎಲ್ಲಿಗೋ ಹೋಗಿ ಗಂಟಲಲ್ಲಿ ಅಜ್ಜಿಯ ಮನೆಯ ಮಾತೊಂದೇ ಉಳಿಯುತ್ತಿತ್ತು. "ಇಳಸೂದ ಖರೇ ಆದ್ರ ಮೊದಲ ದೀಪ ಬಿಡಬೇಕ್ರಿ. ದೀಪ ಆರಲಿಲ್ಲಂದ್ರ ಇಳೀಬೇಕು, ಆರಿದ್ರ ಇಲ್ಲ," ಅಂದಳು. ಡೀನ್ ನಕ್ಕು ಒಪ್ಪಿದರು. ಹುಡುಗರಿಗೂ ಅವಳು ಅದನ್ನೇ ಹೇಳಿದಳು. ಬಾಯಿ ತೆರೆದೇ ಇಡಿಸಿ, ಗಾಳಿ ಆಡಲಿ ಎಂದು ಕಾವಲಿಗೆ ಒಬ್ಬನನ್ನು ನಿಲ್ಲಿಸಿದಳು.

ಇಳಿಯಲು ಮುಂದೆ ಬಂದವನು ಮಾಳಿಂಗರಾಯ. ಕಲಘಟಗಿ ಕಡೆಯ ತಂಬೂರದವನು, ಕುರಿ ಕಾಯುವ ಮನೆತನ. ಇವನನ್ನು ಇಂಜಿನಿಯರಿಂಗ್‌ಗೆ ಸೇರಿಸಲು ರೋಹಿಣಿಯೇ ತಂಬೂರಕ್ಕೆ ಹೋಗಿ ಅವನ ತಾಯಿ ಬಸಕ್ಕನನ್ನು ಒಪ್ಪಿಸಿದ್ದಳು. ಗಂಡನಿಲ್ಲದ ಬಸಕ್ಕನಿಗೆ ಇವನೊಬ್ಬನೇ ಮಗ. "ಮಷೀನಿನ ಸಾಲಿ ಅಂತೀರಿ, ಕೈಕಾಲಿಗೆ ಏನರ ಆದ್ರ ಹೆಂಗ್ರಿ ಬಾಯಾರ?" ಎಂದು ಕೇಳಿದ್ದಳು ಆಕೆ. "ನಾ ಇರ್ತೀನಲ್ಲ," ಎಂದು ರೋಹಿಣಿ ಬಾಯಿ ತುಂಬ ಹೇಳಿದ್ದಳು. ಇವನಿಗೆ ಏನಾದರೂ ಆದರೆ ಬಸಕ್ಕನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

"ಬ್ಯಾರೆ ಯಾರರೆ ಇಳೀಲಿ ಬಿಡೋ," ಅಂದಳು ಅವನಿಗೆ.

"ನಾ ಸಣ್ಣಾಂವಿದ್ದಾಗಿಂದ ಬಾವಿ ಇಳದಾಂವ್ರಿ ಮೇಡಂ. ನೀವು ಹೇಳಿದಂಗ ದೀಪ ಬಿಟ್ಟ ಇಳೀತೀನಿ. ಯಾಕ ಅಂಜತೀರಿ?"

ಸಮಿತಿ ಬರುವ ದಿನ ಬಂತು. ಹಿಂದಿನ ಸಂಜೆ ಮಳೆ ಜೋರಾಗಿತ್ತು. ಹಗೇವಿಗೆ ನೀರು ಹೋದೀತೆಂದು ಡೀನ್ ಚಪ್ಪಡಿ ಎಳೆಸಿ, ಸುತ್ತ ಮಣ್ಣು ಮೆತ್ತಿಸಿ, ಬದಿಗೆ ರಂಗೋಲಿಯನ್ನೂ ಹಾಕಿಸಿಬಿಟ್ಟಿದ್ದರು. ರೋಹಿಣಿಗೆ ಇದು ತಿಳಿದದ್ದು ಬೆಳಿಗ್ಗೆ. ಅವಳು ಆಗ ಆಡಳಿತ ಭವನದಲ್ಲಿ ಸಮಿತಿಗೆ ತೋರಿಸುವ ಚಿತ್ರಗಳನ್ನು ಹೊಂದಿಸುತ್ತಿದ್ದಳು. ವಿಷಯ ಹೇಳಿದ ಡೀನ್ ಕಡೆ ಅವಳು ತಟ್ಟನೆ ತಿರುಗಿದಳು.

"ಮುಚ್ಚಿದ್ರಿ? ಮತ್ತ ತಗದಿಂದ ಗಾಳಿ ಆಡಾಕ ಬಿಟ್ಟ್ರೋ ಇಲ್ಲೋ?"

"ಈಗ ಹುಡುಗ್ರು ತಗೀಲಾಕತ್ತಾರ. ಸಮಿತಿ ಬರೂದರೊಳಗ ಒಮ್ಮೆ ಇಳದು ನೋಡ್ತಾರಂತ, ರಿಹರ್ಸಲ್ಲು," ಅಂದರು ಡೀನ್, ಟೈ ಸರಿಮಾಡಿಕೊಳ್ಳುತ್ತ. "ನಿಮ್ಮ ದೀಪಾನೂ ಬಿಡ್ರಿ ಅಂತ ಹೇಳೇನಿ, ಚಿಂತಿ ಮಾಡಬ್ಯಾಡ್ರಿ."

ಅವಳು ಕಾಗದ ಪತ್ರ ಎಲ್ಲ ಅಲ್ಲೇ ಬಿಟ್ಟು ಹೊರಗೆ ಓಡಿದಳು. ಡೀನ್ "ಮೇಡಂ, ಮೇಡಂ" ಎನ್ನುತ್ತ ಹಿಂದೆ ಬಂದರು. ಕಾಲಿಗೆ ಎರಿಮಣ್ಣು ಅಂಟಿ ಒಂದೊಂದು ಹೆಜ್ಜೆಯೂ ಭಾರವಾಯಿತು. ಚಪ್ಪಲಿ ಒಂದು ಕೆಸರಲ್ಲೇ ಉಳಿಯಿತು, ಇನ್ನೊಂದನ್ನು ಅವಳೇ ಒದ್ದು ಬಿಟ್ಟಳು. ಗ್ರಂಥಾಲಯದ ಮುಂದೆ ಶಾಮಿಯಾನ, ಅದರ ಕೆಳಗೆ ಹುಡುಗ ಹುಡುಗಿಯರ ಗುಂಪು ಕಂಡಿತು. ದೂರದಿಂದಲೇ ಹಗೇವಿನ ಬಾಯಿಯಿಂದ ಬೆಳಕು ಮೇಲೆ ಬಂದು ಒಬ್ಬ ಹುಡುಗನ ಮುಖದ ಮೇಲೆ ಬಿದ್ದಿದ್ದು ಕಾಣಿಸಿತು. ದೀಪ ಉರಿಯುತ್ತಿದೆ! ಅವಳು ಓಟ ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟು ಉಸಿರು ಬಿಟ್ಟಳು. ತನ್ನ ಹುಚ್ಚಿಗೆ ತಾನೇ ನಗಬೇಕೆನಿಸಿತು. ಒಳಗೆ ಗಾಳಿ ಚೆನ್ನಾಗಿದೆ, ದೀಪ ಆರಿಲ್ಲ.

ಗುಂಪು ಚಪ್ಪಾಳೆ ತಟ್ಟಿತು. ಮಾಳಿಂಗರಾಯ ಆಗಲೇ ಕೆಳಗಿದ್ದ. ತಳದಲ್ಲಿ ಸಿಕ್ಕ ಒಂದು ಹಳೆಯ ಗಡಿಗೆಯನ್ನು, ತನ್ನ ಸೊಂಟದ ಹಗ್ಗ ಬಿಚ್ಚಿ, ಅದಕ್ಕೆ ಕಟ್ಟಿ ಕಳಿಸಿದ್ದ. ಅವನ ಕೋಣೆಯ ಗೆಳೆಯ ಕೃಷ್ಣಾ ಗಡಿಗೆ ಎಳೆದು ಹುಲ್ಲಿನ ಮೇಲಿಟ್ಟ. ರೋಹಿಣಿ ನಗುತ್ತಲೇ ಹತ್ತಿರ ಬಂದಳು. ಬಂದಂತೆ ಏನೋ ತಪ್ಪಿದೆ ಅನಿಸಿತು. ಎಣ್ಣೆಯ ವಾಸನೆ ಇರಲಿಲ್ಲ, ಹೊಗೆ ಇರಲಿಲ್ಲ. ಬೆಳಕು ಅಲುಗುತ್ತಿರಲಿಲ್ಲ. ಅದು ಹಾಲಿನಂತೆ ಬೆಳ್ಳಗಿತ್ತು.

"ಏನೋ ಇದು? ಯಾವ ದೀಪ ಬಿಟ್ಟೀರಿ?"

"ಎಲೆಕ್ಟ್ರಿಕಲ್‌ನವರ ಚಾರ್ಜಿಂಗ್ ಲಾಟೀನ್ರಿ ಮೇಡಂ," ಅಂದ ಕೃಷ್ಣಾ. "ಶಾಮಿಯಾನದಾಗ ಬೆಂಕಿ ಹಚ್ಚಬಾರದಂತ ಡೀನ್ ಸರ್ ಅಂದ್ರು. ಆರಲಿಲ್ಲ ನೋಡ್ರಿ, ಹೊತ್ತಾತು, ಹಂಗ ಉರಿಯಾಕತ್ತೈತಿ!"

ರೋಹಿಣಿ ಹಗೇವಿನ ಬಾಯಿಗೆ ಬಾಗಿ ಕೆಳಗೆ ನೋಡಿದಳು. ಬ್ಯಾಟರಿಯ ಲಾಟೀನು ಹೇಗೆ ಆರೀತು? ಅದು ನೀರಲ್ಲಿ ಮುಳುಗಿಸಿದರೂ ಉರಿಯುವ ಜಾತಿಯದು, ಅದಕ್ಕೆ ಉಸಿರು ಬೇಕಿಲ್ಲ. ಬೆಂಕಿ ನಮ್ಮ ಹಾಗೆಯೇ ಗಾಳಿ ತಿಂದು ಬದುಕುತ್ತದೆ, ಅದಕ್ಕಾಗಿಯೇ ದೀಪ ಬಿಡುವುದು, ಎಂಬ ಒಂದೇ ಒಂದು ಮಾತನ್ನು ಅವಳು ಈ ಮಕ್ಕಳಿಗೆ ಹೇಳಿರಲಿಲ್ಲ. ದೀಪ ಬಿಡಿ ಅಂದಿದ್ದಳು. ಬಿಟ್ಟಿದ್ದರು.

"ಮಾಳಿಂಗಾ! ಮ್ಯಾಲ ಬಾ! ಲಗೂನ ಬಾ!"

ಕೆಳಗೆ ಆ ಬಿಳಿ ಬೆಳಕಿನಲ್ಲಿ ಅವನು ಚೆನ್ನಾಗಿ ಕಾಣುತ್ತಿದ್ದ. ತಲೆ ಎತ್ತಿ ನೋಡಿದ. ಏನೋ ಹೇಳಲು ಬಾಯಿ ತೆರೆದ. ನಂತರ ಸುಸ್ತಾದವನು ಕಟ್ಟೆಯ ಮೇಲೆ ಕೂರುವ ಹಾಗೆ ನಿಧಾನ ಮಂಡಿಯೂರಿ ಕೂತ. ಬಗಲಿಗೆ ಒರಗಿದ. ಮೇಲಿಂದ ಎಳೆಯಲು ಅವನ ಸೊಂಟದಲ್ಲಿ ಹಗ್ಗವಿರಲಿಲ್ಲ. ಲಾಟೀನು ಅವನ ಮುಖದ ಹತ್ತಿರವೇ ಉರಿಯುತ್ತಿತ್ತು.

ಹುಡುಗಿಯರು ಚೀರಿದರು. ಕೃಷ್ಣಾ ಶರ್ಟಿನ ತೋಳು ಮೇಲೆತ್ತಿ ಹಗ್ಗ ಹಿಡಿದು ಬಾಯಿಗೆ ಕಾಲು ಇಳಿಬಿಟ್ಟ. ಅಜ್ಜನ ತಮ್ಮನೂ ಹೀಗೇ ಕಾಲು ಇಳಿಬಿಟ್ಟಿರಬೇಕು. ರೋಹಿಣಿ ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು. ಅವನು ದಾಂಡಿಗ, ಇವಳು ಕಡ್ಡಿ. ಹೇಗೆ ಎಳೆದಳೋ ಅವಳಿಗೇ ಗೊತ್ತಿಲ್ಲ. ಎಳೆದವಳೇ ಹಗೇವಿನ ಬಾಯಿಯ ಮೇಲೆ ಅಡ್ಡಡ್ಡ ಬಿದ್ದುಕೊಂಡಳು.

"ಯಾರೂ ಇಳೀಬ್ಯಾಡ್ರಿ! ಯಾರೂ ಇಳಿಯಂಗಿಲ್ಲ!"

"ಏಳ್ರಿ ಮೇಡಂ! ಅಂವ ಸಾಯಾಕತ್ತಾನ!"

"ಇಳದ್ರ ನೀನೂ ಸಾಯ್ತೀಯೋ! ಒಳಗ ಗಾಳಿ ಇಲ್ಲ!"

"ನಿಮ್ಮ ತಮ್ಮ ಬಿದ್ದಿದ್ರ ಹಿಂಗ ಬಿದ್ಕೊತಿದ್ರೇನು?" ಕೃಷ್ಣಾ ಅಳುತ್ತ ಅವಳ ತೋಳು ಜಗ್ಗಿದ. ಇನ್ನಿಬ್ಬರು ಅವನ ಜೊತೆ ಸೇರಿದರು. ತೋಳು ಕಿತ್ತು ಬರುವಷ್ಟು ನೋವಾಯಿತು. ಅವಳ ಹಿಡಿತ ಸಡಿಲವಾಗುತ್ತಿತ್ತು. ಇನ್ನೊಂದು ಸಲ ಜಗ್ಗಿದರೆ ಇವನು ಇಳಿದೇ ಇಳಿಯುತ್ತಾನೆ, ಇವನ ಹಿಂದೆ ಮತ್ತೊಬ್ಬ, ಅವನ ಹಿಂದೆ ಇನ್ನೊಬ್ಬ. ಅಂಜಿಕೆ ತಲೆಗೇರಿ ಅವಳ ಬಾಯಿಂದ ಅವಳಿಗೇ ಗೊತ್ತಿಲ್ಲದ ದನಿ ಬಂತು.

"ಹೋದ್ರ ಅಂವೊಬ್ಬನ ಹೋಗ್ಲಿ!"

ಗುಂಪು ಗಕ್ಕನೆ ನಿಂತಿತು. ಕೃಷ್ಣಾ ಅವಳ ತೋಳು ಬಿಟ್ಟು, ಅವಳು ಯಾರೋ ಎಂಬಂತೆ ನೋಡಿದ.

ಅಷ್ಟರಲ್ಲಿ ಡೀನ್ ಏದುಸಿರು ಬಿಡುತ್ತ ಬಂದು ನಿಂತರು. "ಏನಾತು? ಸಮಿತಿ ಗಾಡಿ ಗೇಟಿಗೆ ಬಂದೈತಿ..."

"ಸಮಿತಿ ಹಾಳಾಗಿ ಹೋಗ್ಲಿ! ವರ್ಕ್‌ಶಾಪಿಗೆ ಓಡ್ರಿ! ಮಾಬುಸಾಬರಿಗೆ ಹೇಳಿ ಕುಲುಮಿ ಬ್ಲೋವರ್ ತರಸ್ರಿ, ಉದ್ದನ್ನ ಪೈಪು, ವಾಯರು! ಆಸ್ಪತ್ರಿಗೆ ಫೋನ್ ಹಚ್ಚರಿ! ಓಡ್ರೀ ಸರ್!"

ಶಂಭುಲಿಂಗಪ್ಪನವರು ಒಂದು ಕ್ಷಣ ಬಾಯಿ ಬಿಟ್ಟು ನಿಂತರು. ಆಮೇಲೆ ಹಗೇವಿನೊಳಗೆ ಇಣುಕಿದರು. ಅವರ ಮುಖ ಬಿಳಿಚಿತು. ಆ ದೊಡ್ಡ ಹೊಟ್ಟೆ, ಆ ಕೋಟು, ಆ ಹೊಸ ಬೂಟು ಹೊತ್ತುಕೊಂಡು ಅವರು ಕೆಸರು ಬಯಲಿನಲ್ಲಿ ಓಡಿದ ರೀತಿಯನ್ನು ಬೇರೆ ದಿನವಾಗಿದ್ದರೆ ಹುಡುಗರು ವಿಡಿಯೊ ಮಾಡುತ್ತಿದ್ದರು. ಯಾರೂ ಮಾಡಲಿಲ್ಲ. ಎಲ್ಲರೂ ಆ ವರ್ಕ್‌ಶಾಪ್ ಎಷ್ಟು ದೂರವಿದೆ ಎಂದು ನೋಡುತ್ತಿದ್ದರು.

ರೋಹಿಣಿ ಬಾಯಿಯ ಮೇಲಿಂದ ಏಳಲಿಲ್ಲ. ಒಂದು ಬದಿಗೆ ಸರಿದು, ಗಾಳಿ ಒಳಗೆ ಹೋಗಲು ಜಾಗ ಬಿಟ್ಟು, ಅಂಚಿಗೆ ಗಲ್ಲ ಊರಿ ಕೆಳಗೆ ನೋಡುತ್ತ ಬಿದ್ದಿದ್ದಳು. ಅವನ ಎದೆ ಏರುತ್ತಿದೆಯೋ ಇಲ್ಲವೋ? ಏರಿತು ಅನಿಸುತ್ತಿತ್ತು, ಮರುಗಳಿಗೆ ಇಲ್ಲ ಅನಿಸುತ್ತಿತ್ತು. ಅಜ್ಜಿ ಇಬ್ಬರನ್ನು ನೋಡಿದ್ದಳು. ತಾನು ಒಬ್ಬನನ್ನೇ ನೋಡುತ್ತಿದ್ದೇನೆ ಎಂಬುದು ಸಮಾಧಾನವೇ ಆಗಿರಲಿಲ್ಲ. ಬಸಕ್ಕ ಈ ಹೊತ್ತಿಗೆ ಎಲ್ಲೋ ಕುರಿ ಹೊಡೆದುಕೊಂಡು ಹೋಗುತ್ತಿರುತ್ತಾಳೆ, ಮಗ ಸಾಲಿಯಲ್ಲಿದ್ದಾನೆ ಎಂದುಕೊಂಡು.

ಶಾಮಿಯಾನದ ಹೊರಗಿನ ವೇದಿಕೆಯ ಮೇಲೆ ಸಮಿತಿಯವರು ಹಚ್ಚಲೆಂದು ಇಟ್ಟಿದ್ದ ಹಿತ್ತಾಳೆ ದೀಪದಿಂದ ಎಣ್ಣೆ, ಬತ್ತಿ ತರಿಸಿದಳು. ಒಂದು ಬಟ್ಟಲಲ್ಲಿ ಹಚ್ಚಿ, ತಂತಿ ಕಟ್ಟಿ ಇಳಿಬಿಟ್ಟಳು. ಜ್ವಾಲೆ ಬಾಯಿ ದಾಟಿತು, ಸ್ವಲ್ಪ ಇಳಿಯಿತು, ಕಣ್ಣು ಮಿಟುಕಿಸಿದ ಹಾಗೆ ಚಿಕ್ಕದಾಯಿತು, ಆರಿತು. ಕೆಳಗೆ ಲಾಟೀನು ಮಾತ್ರ ಜಗಮಗ ಉರಿಯುತ್ತಲೇ ಇತ್ತು. ಕೃಷ್ಣಾ ಅದನ್ನು ನೋಡಿದ. ಅವನಿಗೆ ಅರ್ಥವಾಯಿತು. ಅವನು ನೆಲಕ್ಕೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಬ್ಲೋವರ್ ಬಂತು. ವರ್ಕ್‌ಶಾಪಿನ ಮಾಬುಸಾಬ ಮತ್ತು ಡೀನ್ ಇಬ್ಬರೂ ಅದನ್ನು ಸಮಿತಿಗೆಂದು ಸಿಂಗರಿಸಿದ್ದ ಬ್ಯಾಟರಿ ಗಾಡಿಯ ಮೇಲೆ ಹೇರಿಕೊಂಡು ಬಂದಿದ್ದರು, ಹೂವಿನ ಮಾಲೆ ಸಮೇತ. ಗ್ರಂಥಾಲಯದ ಕಿಟಕಿಯಿಂದ ವಾಯರು ಎಳೆದರು. ಪೈಪನ್ನು ಮಾಳಿಂಗರಾಯನ ಮುಖದ ಹತ್ತಿರಕ್ಕೆ ಇಳಿಸಿದರು. ಕುಲುಮೆಯ ಕೆಂಡ ಊದುವ ಯಂತ್ರ ಗುಂಯ್‌ಗುಟ್ಟಿತು. ಹಗೇವಿನೊಳಗಿಂದ ಕೊಳೆತ ಹುಲ್ಲಿನ ಹುಳಿ ವಾಸನೆ ಎದ್ದು ಬಂತು, ಶಾಮಿಯಾನದ ಕೆಳಗಿದ್ದವರೆಲ್ಲ ಮೂಗು ಮುಚ್ಚಿಕೊಂಡರು.

ಎರಡನೇ ಸಲ ಬಿಟ್ಟ ದೀಪ ಅರ್ಧಕ್ಕೆ ಹೋಗಿ ಆರಿತು. ಹುಡುಗರು ಹಲ್ಲು ಕಚ್ಚಿ ನಿಂತಿದ್ದರು. "ಇನ್ನೂ ಜೋರ ಮಾಡ್ರಿ ಸಾಬರ," ಅಂದಳು ರೋಹಿಣಿ. "ಇದಕ್ಕಿಂತ ಜೋರ ಇಲ್ರಿ ಬಾಯಾರ," ಅಂದರು ಮಾಬುಸಾಬ. ಅವರ ತುಟಿ ದುವಾ ಹೇಳುತ್ತಿತ್ತು. ಮತ್ತೆ ಬತ್ತಿ ಹಚ್ಚಿದಳು. ಅವಸರದಲ್ಲಿ ಎಣ್ಣೆ ಚೆಲ್ಲಿ ಬೆರಳು ಸುಟ್ಟುಕೊಂಡಳು. ಮೂರನೇ ದೀಪ ಇಳಿಯಿತು. ಅಳ್ಳಾಡಿತು. ಚಿಕ್ಕದಾಯಿತು. ಆರಲಿಲ್ಲ. ತಳಕ್ಕೆ ಮುಟ್ಟಿ, ಲಾಟೀನಿನ ಬಿಳಿ ಬೆಳಕಿನ ಬಾಜು, ಹಳದಿಯಾಗಿ ನಿಂತಿತು.

"ಈಗ ಇಳಿ," ಅಂದಳು ಕೃಷ್ಣಾನಿಗೆ. "ಹಗ್ಗ ಬಿಚ್ಚಬ್ಯಾಡ. ಅವನ ಬಗಲಾಗ ಇನ್ನೊಂದ ಹಗ್ಗ ಕಟ್ಟು. ತಲಿ ತಿರುಗಿತಂದ್ರ ಜಗ್ಗು, ನಾವು ಎಳೀತೀವಿ."

ಮಾಳಿಂಗರಾಯನನ್ನು ಮೇಲೆಳೆದು ರಂಗೋಲಿಯ ಮೇಲೆ ಮಲಗಿಸಿದಾಗ ಅವನ ತುಟಿ ನೇರಳೆಯಾಗಿತ್ತು. ಆರೋಗ್ಯ ಕೇಂದ್ರದ ಡಾಕ್ಟರ್ ಜಾಸ್ಮಿನ್ ಆಂಬ್ಯುಲೆನ್ಸಿನಿಂದ ಜಿಗಿದು ಬಂದು ಆಮ್ಲಜನಕದ ಮುಖವಾಡ ಇಟ್ಟಳು, ಎದೆ ಮುಟ್ಟಿ ನೋಡಿದಳು, ಕಣ್ಣರೆಪ್ಪೆ ಎತ್ತಿದಳು. "ಉಸಿರು ಐತಿ," ಅಂದಳು. ಅಲ್ಲಿದ್ದವರೆಲ್ಲ ಒಮ್ಮೆಲೇ ಅಳತೊಡಗಿದರು, ಡೀನ್ ಕೂಡ. ರೋಹಿಣಿಗೆ ಮಾತ್ರ ಅಳು ಬರಲಿಲ್ಲ.

ಸಮಿತಿಯವರು ಏನು ನೋಡಿದರು, ಏನು ಬರೆದುಕೊಂಡರು, ರೋಹಿಣಿ ಕೇಳಲೂ ಇಲ್ಲ. ಆರೋಗ್ಯ ಕೇಂದ್ರದಲ್ಲಿ ಮಾಳಿಂಗರಾಯನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವನ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದಳು. ಕಣ್ಣು ತೆಗೆದರೆ ನಿಂತುಬಿಡುತ್ತದೆ ಎಂಬ ಹುಚ್ಚು ಹೆದರಿಕೆ. ಮಧ್ಯಾಹ್ನದ ಹೊತ್ತಿಗೆ ಅವನು ಕಣ್ಣು ತೆರೆದ. ನೀರು ಕೇಳಿದ, ಕುಡಿದ. ಕೃಷ್ಣಾನ ಕೈ ಹಿಡಿದುಕೊಂಡ. "ಒಳಗ ಗಾಳಿ ಪೂರಾ ತೀರಿದ್ದಿಲ್ಲ, ಅದಕ್ಕ ಉಳದಾನ. ನಾಕು ದಿನದಾಗ ಅಡ್ಡಾಡ್ತಾನ, ಮಿದುಳಿಗೆ ಏನೂ ಪೆಟ್ಟಾಗಿಲ್ಲ," ಎಂದು ಡಾಕ್ಟರ್ ಹೇಳಿದಳು.

ಸಂಜೆಗೆ ಬಸಕ್ಕ ಬಂದಳು. ಯಾರದೋ ಟೆಂಪೊದಲ್ಲಿ, ಹೆಗಲ ಮೇಲೆ ಕಂಬಳಿ ಹಾಗೇ ಇತ್ತು. ಮಗನ ಮೈಯೆಲ್ಲ ಸವರಿ ನೋಡಿದಳು, ಕಾಲ ಬೆರಳಿನ ತನಕ. ಆಮೇಲೆ ರೋಹಿಣಿಯ ಕಡೆ ತಿರುಗಿ ಅವಳ ಎರಡೂ ಕೈಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

"ಡೀನ್ ಸಾಹೇಬ್ರು ಎಲ್ಲಾ ಹೇಳಿದ್ರವಾ. ನೀವ ಅಡ್ಡ ಬೀಳದಿದ್ರ ಇನ್ನೆಷ್ಟ ಹುಡುಗ್ರು ಹೋಗತಿದ್ರಂತ. ನಿಮ್ಮ ಕೈಯಾಗ ಕೊಟ್ಟಿದ್ದೆ, ನೀವ ಉಳಿಸಿದ್ರಿ. ಯಾಕ ಗಪ್ಪ ಕುಂತೀರಿ? ಏನರ ಮಾತಾಡ್ರಿ ತಾಯಿ."

ರೋಹಿಣಿಗೆ ಹೇಳುವುದು ಬಹಳ ಇತ್ತು. ದೀಪ ಯಾಕೆ ಬಿಡಬೇಕೆಂದು ತಾನು ಹೇಳಲಿಲ್ಲ ಎಂಬುದು, ಅಜ್ಜನ ತಮ್ಮನ ವಿಷಯ, ಅಂಜಿಕೆಗೆ ಬಾಯಿ ತಪ್ಪಿ ಬಂದ ಆ ಒಂದು ಮಾತು. ಅವಳು ಮಂಚದ ಕಡೆ ಬಾಗಿದಳು.

"ಮಾಳಿಂಗಾ..."

ಆ ದನಿ ಕಿವಿಗೆ ಬಿದ್ದದ್ದೇ ತಡ, ಹುಡುಗನ ಮೈ ಸೆಟೆದುಕೊಂಡಿತು. ಅವನ ಕೈ ತಾಯಿಯ ಕಂಬಳಿಯ ಅಂಚನ್ನು ಹುಡುಕಿ ಹಿಡಿಯಿತು. ಕಣ್ಣುಗಳು ಚಾವಣಿಯ ಮೇಲೆ ನೆಟ್ಟಿದ್ದವು.

"ನನಗ ಕೆಳಗ ಎಲ್ಲಾ ಕೇಳಸ್ತಿತ್ರಿ ಮೇಡಂ," ಅಂದ, ಮೆಲ್ಲಗೆ, ಅದೇ ಮರ್ಯಾದೆಯಲ್ಲಿ. "ಕೈಕಾಲು ಏಳತಿದ್ದಿಲ್ಲ, ಕಿವಿ ಕೇಳಸ್ತಿತ್ತು. ನೀವು ಮಾಡಿದ್ದು ಬರೋಬ್ಬರಿ ಐತಂತ ಕೃಷ್ಣಾ ಹೇಳ್ಯಾನ. ನನಗೂ ತಿಳೀತೈತ್ರಿ. ಆದ್ರ ಸ್ವಲ್ಪ ದಿನ ನನ್ನ ಮುಂದ ಮಾತಾಡಬ್ಯಾಡ್ರಿ. ನಿಮ್ಮ ದನಿ ಕೇಳಿದ್ರ ಅಂಜಿಕಿ ಬರಾಕತ್ತೈತಿ."

ಬಸಕ್ಕ ಏನೂ ತಿಳಿಯದೆ ಒಮ್ಮೆ ಮಗನನ್ನು, ಒಮ್ಮೆ ರೋಹಿಣಿಯನ್ನು ನೋಡಿದಳು. ರೋಹಿಣಿ ಹೂಂ ಎಂಬಂತೆ ತಲೆಯಾಡಿಸಿದಳು. ಸ್ಟೂಲನ್ನು ಸಪ್ಪಳವಾಗದಂತೆ ಹಿಂದಕ್ಕೆ ಸರಿಸಿ, ಗೋಡೆಗೆ ಒತ್ತಿ ಕೂತಳು.